ಧಾರವಾಡ ಸೀಮೆ ಮನ್ರೋ ಕೈಸೇರಿದ್ದು ಫಿರಂಗಿಯಿಂದಲೋ, ಕಂದಾಯದ ಜಮಾಬಂದಿಯಿಂದಲೋ?

ಮಲಪ್ರಭೆಯ ದಡದವ:
ಎಲ್ಲರಿಗೂ ನಮಸ್ಕಾರ. ನಾನು ನವಲಗುಂದದ ಕಡೆಯವನು. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಎಂದರೆ ರೈತವಾರಿ ಪದ್ಧತಿ (ಒಬ್ಬೊಬ್ಬ ರೈತನಿಂದ ಸರಕಾರವೇ ನೇರವಾಗಿ ಕಂದಾಯ ಪಡೆಯುವ ಏರ್ಪಾಡು) ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದಿನ ಪಾಠಕ್ಕೆ ಹೋಗುವುದು ಇಷ್ಟು ವರ್ಷವೂ ನಡೆದುಬಂದಿತ್ತು. ಈಚೆಗೆ ಧಾರವಾಡ ಜಿಲ್ಲೆಯ ಹಳೆಯ ಗ್ಯಾಸೆಟಿಯರ್ ಓದುವಾಗ 1817-18ರ ಭಾಗಕ್ಕೆ ಬಂದು ಅಲ್ಲಿಯೇ ನಿಂತುಬಿಟ್ಟೆ.

1817ರ ಜೂನ್ ತಿಂಗಳ ಪುಣೆ ಒಪ್ಪಂದದಂತೆ ಪೇಶ್ವೆ ಎರಡನೆಯ ಬಾಜಿರಾಯನು ಧಾರವಾಡವನ್ನೂ ಕುಸುಗಲ್ಲನ್ನೂ ಕಂಪನಿಗೆ ಬಿಟ್ಟುಕೊಟ್ಟನು. ಆ ಸೀಮೆಯನ್ನು ವಹಿಸಿಕೊಳ್ಳಲು ಬಂದವರು ಮನ್ರೋ. ನವೆಂಬರ್ 5ರಂದು ಖಡಕಿಯಲ್ಲಿ ಕಾಳಗವಾಗಿ ಯುದ್ಧವೇ ಆರಂಭವಾದಾಗ ಅವರ ಬಳಿ ಹೇಳಿಕೊಳ್ಳುವಂಥ ಸೈನ್ಯವಿರಲಿಲ್ಲ. ಆದರೂ 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ, ಫೆಬ್ರವರಿಯಲ್ಲಿ ಬಾದಾಮಿ, ಏಪ್ರಿಲ್ 10ರಂದು ಬೆಳಗಾವಿ, ಮೇ ತಿಂಗಳಲ್ಲಿ ಸೊಲ್ಲಾಪುರ, ಹೀಗೆ ಒಂದರ ಹಿಂದೆ ಒಂದು ಅವರ ವಶವಾದವು.

ನನ್ನ ಪ್ರಶ್ನೆ ಎರಡು. ಒಂದು, ಎರಡು ಸರಕಾರಗಳು ತಮ್ಮದೆಂದು ಹೇಳುತ್ತಿದ್ದ ನಾಡನ್ನು ಒಬ್ಬ ಸೇನಾಧಿಕಾರಿ ಇಷ್ಟು ಬೇಗ ಆಡಳಿತಕ್ಕೆ ತಂದದ್ದು ಹೇಗೆ? ಇನ್ನೊಂದು, ಬಳ್ಳಾರಿ, ಅನಂತಪುರದ ಕಡೆ ಅವರ ನೆನಪು ಜನರ ಬಾಯಲ್ಲಿ ಉಳಿದಿರುವಾಗ ನಮ್ಮ ಕಡೆ ಏಕೆ ಉಳಿಯಲಿಲ್ಲ? ತಿಳಿದವರು ದಯವಿಟ್ಟು ಬರೆಯಬೇಕು.

ಗದಗಿನ ಓದುಗ:
ಮನ್ರೋ ಧಾರವಾಡದ ಕಲೆಕ್ಟರ್ ಆಗಿದ್ದರಲ್ಲವೇ? ಕಲೆಕ್ಟರಿಗೆ ಸೈನ್ಯ ಎಲ್ಲಿಂದ ಬರಬೇಕು?

ನಿವೃತ್ತ ಶಿರಸ್ತೇದಾರ:
ಗದಗಿನ ಓದುಗರೇ, ಸಣ್ಣ ತಿದ್ದುಪಡಿ. ಅವರು ಕಲೆಕ್ಟರ್ ಆಗಿದ್ದದ್ದು ಅದಕ್ಕೂ ಮೊದಲು, ಕರಾವಳಿಯ ಕೆನರಾದಲ್ಲಿ ಮತ್ತು ನಿಜಾಮನು ಬಿಟ್ಟುಕೊಟ್ಟಿದ್ದ, ಬಳ್ಳಾರಿ, ಕಡಪ ಸೇರಿದ್ದ ದತ್ತಮಂಡಲದಲ್ಲಿ. ಧಾರವಾಡಕ್ಕೆ ಬಂದದ್ದು ಕಮಿಷನರ್ ಆಗಿ. ಯುದ್ಧ ಆರಂಭವಾದ ಮೇಲೆ ಬ್ರಿಗೇಡಿಯರ್ ಜನರಲ್ ಪದವಿಯೂ ಬಂತು. ಕಂದಾಯದ ಅಧಿಕಾರ, ಸೇನೆಯ ಅಧಿಕಾರ ಎರಡೂ ಒಬ್ಬನ ಕೈಯಲ್ಲಿ ಸೇರಿದ್ದವು. ಗುರುಗಳ ಮೊದಲನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಉಳಿದರ್ಧವನ್ನು ನಾನು ಮೂವತ್ತೆರಡು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದವನಾಗಿ ಹೇಳುತ್ತೇನೆ. ಮನ್ರೋ ಊರನ್ನು ಗೆದ್ದು ಆಮೇಲೆ ತೆರಿಗೆ ಎತ್ತಲಿಲ್ಲ; ತೆರಿಗೆ ಎತ್ತುತ್ತ ಊರನ್ನು ಗೆದ್ದರು. ಪೇಶ್ವೆಯ ಕೈಯಲ್ಲಿ ಇನ್ನೂ ಇದ್ದ ತಾಲ್ಲೂಕುಗಳಿಗೇ ತಮ್ಮ ಅಮಲದಾರರನ್ನು, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿಗಳನ್ನು, ನೇಮಿಸಿದರು. ಆ ಅಮಲದಾರ ಊರಿನವರನ್ನೇ ಪೇದೆಗಳಾಗಿ ಸೇರಿಸಿಕೊಂಡು, ಹಳ್ಳಿಯಿಂದ ಹಳ್ಳಿಗೆ ಹೋಗಿ, ಗೌಡ-ಕುಲಕರ್ಣಿಯರನ್ನು ಚಾವಡಿಗೆ ಕರೆಸಿ, ಇನ್ನು ಮುಂದೆ ಪೇಶ್ವೆಯ ಕಡೆಯವರಿಗೆ ಕಾಸನ್ನೂ ಕೊಡಬೇಡಿ, ನಮಗೆ ಕೊಟ್ಟದ್ದಷ್ಟೇ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿಸುತ್ತಿದ್ದ. ಒಂದು ಹಳ್ಳಿಯ ಲೆಕ್ಕದ ಪುಸ್ತಕ ಯಾರ ಕಡೆ ತೆರೆಯಿತೋ ಆ ಹಳ್ಳಿ ಅವರದಾಯಿತು. ವಸೂಲಾದ ಹಣದಲ್ಲಿ ಇನ್ನಷ್ಟು ಪೇದೆಗಳು, ಆ ಪೇದೆಗಳಿಂದ ಇನ್ನಷ್ಟು ಹಳ್ಳಿಗಳು. ಎದುರಾಳಿಯ ಕೋಟೆಗೆ ಹೋಗಬೇಕಾದ ದವಸ, ದುಡ್ಡು ಮೊದಲೇ ನಿಂತುಹೋದರೆ ಕೋಟೆ ಎಷ್ಟು ದಿನ ತಾಳೀತು?

ಗುರುಗಳ ಊರಿನದೇ ಉದಾಹರಣೆ ಕೊಡುತ್ತೇನೆ. ನವಲಗುಂದಕ್ಕೆ ಮನ್ರೋ ಕಳಿಸಿದ ಅಮಲದಾರ ರಾಮರಾಯ. ಮೊದಲು ಮೈಸೂರು ಸರಕಾರದ ಚಾಕರಿಯಲ್ಲಿ ಪಳಗಿದವನು. ಎದುರಿಗೆ ಇದ್ದವರು ಪೇಶ್ವೆಯ ಕಡೆಯ ಗೋಖಲೆಯವರ ಕುದುರೆ ದಂಡು. ರಾಮರಾಯನ ಬಳಿ ಇದ್ದದ್ದು ಪೇದೆಗಳು ಮಾತ್ರ. ಅಷ್ಟರಲ್ಲಿಯೇ ಅವನು ತಾಲ್ಲೂಕಿನ ಬಹುಭಾಗವನ್ನು ಹಿಡಿದುಕೊಂಡ. ಮನ್ರೋ ಸ್ವತಃ ನೆರವಿಗೆ ಹೊರಟದ್ದು ಆಮೇಲೆ.

ಮಲಪ್ರಭೆಯ ದಡದವ:
ಸರ್, ರಾಮರಾಯನ ಹೆಸರನ್ನು ಓದಿದ್ದೆ. ಅವನು ಮೈಸೂರಿನ ಚಾಕರಿಯಿಂದ ಬಂದವನು ಎಂಬುದರ ತೂಕ ನನಗೆ ಹೊಳೆದಿರಲಿಲ್ಲ. ಅಂದರೆ ಈ ಸೀಮೆಯ ಭಾಷೆ, ಲೆಕ್ಕ, ರೀತಿ ರಿವಾಜು ಎಲ್ಲವೂ ಗೊತ್ತಿದ್ದ ಮನುಷ್ಯ.

ಪ್ರಶ್ನೆ ಕೇಳುವವಳು:
ಶಿರಸ್ತೇದಾರರ ವಿವರಣೆ ಚೆನ್ನಾಗಿದೆ. ಆದರೆ ಅದನ್ನು ಓದುವಾಗ ಚಾವಡಿಯಲ್ಲಿ ನಿಂತ ರೈತನ ಕಡೆಯಿಂದ ಯಾರೂ ನೋಡುತ್ತಿಲ್ಲ ಎನಿಸಿತು. ಬೆಳಿಗ್ಗೆ ಒಬ್ಬ ಅಮಲದಾರ ಬಂದು ನನಗೆ ಕೊಡು ಎನ್ನುತ್ತಾನೆ, ಸಂಜೆ ಕುದುರೆ ಸವಾರರು ಬಂದು ನಮಗೆ ಕೊಡಲಿಲ್ಲವೇಕೆ ಎನ್ನುತ್ತಾರೆ. ಯಾರು ಉಳಿಯುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲ. ತಪ್ಪು ಕೈಗೆ ಕೊಟ್ಟರೆ ಮತ್ತೊಮ್ಮೆ ತೆರಬೇಕು. ಇದನ್ನು ಜಾಣತನದ ಯುದ್ಧ ಎಂದು ಮೆಚ್ಚುವ ಮೊದಲು, ಆ ಯುದ್ಧದ ಖರ್ಚು ರೈತನ ಕಣದಿಂದಲೇ ಹೋಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ನಿವೃತ್ತ ಶಿರಸ್ತೇದಾರ:
ಒಪ್ಪುತ್ತೇನೆ ತಾಯಿ. ಆ ಭಯವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು ಊರುಗಳ ನಡುವಿನ ಗಡಿ ಜಮೀನಿನ ತಗಾದೆ ವಿಚಾರಣೆಗೆ ಹೋಗಿದ್ದೆ. ಕಂದಾಯದ ರಸೀದಿಯೊಂದೇ ಹಕ್ಕಿಗೆ ಪುರಾವೆಯಲ್ಲ ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಆದರೆ ಅಲ್ಲಿದ್ದ ಮುದುಕರು ಒಳಗೆ ಹೋಗಿ ತಗಡಿನ ಟ್ರಂಕಿನಿಂದ ತಂದದ್ದು ಕ್ರಯಪತ್ರವನ್ನಲ್ಲ, ದಾರದಲ್ಲಿ ಪೋಣಿಸಿದ್ದ ರಸೀದಿಗಳನ್ನು. ಅಂಚು ಇಲಿ ತಿಂದಿತ್ತು. ಒಂದೊಂದನ್ನೂ ಮೊಣಕಾಲ ಮೇಲೆ ಇಟ್ಟು ಅಂಗೈಯಿಂದ ನೀವಿ ನನ್ನ ಮುಂದೆ ಹಿಡಿದರು. ಸರಕಾರ ತನ್ನಿಂದ ಹಣ ತೆಗೆದುಕೊಂಡಿದೆ, ಆದ್ದರಿಂದ ತಾನು ಈ ನೆಲದವನು ಎಂಬುದು ಅವರ ಲೆಕ್ಕ. ಮನ್ರೋ ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದರು ಎಂದಷ್ಟೇ ನನ್ನ ಮಾತು.

ಹುಬ್ಬಳ್ಳಿ ಹಳೇಪೇಟೆ:
ಪೇಶ್ವೆಯ ಕಡೆಯ ಆಡಳಿತ ಹೇಗಿತ್ತು ಎಂಬುದನ್ನೂ ಸೇರಿಸಬೇಕು. ಬಾಜಿರಾಯನ ಕಾಲದಲ್ಲಿ ಮಾಮಲೆಗಳನ್ನು, ಅಂದರೆ ಸೀಮೆಯ ಕಂದಾಯ ವಸೂಲಿಯ ಅಧಿಕಾರವನ್ನು, ಹರಾಜಿನಂತೆ ಹೆಚ್ಚು ಕೊಟ್ಟವರಿಗೆ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆ ಹಿಡಿದವನಿಗೆ ಮುಂದಿನ ವರ್ಷ ತಾನೇ ಇರುತ್ತೇನೆಂಬ ಭರವಸೆಯಿಲ್ಲ; ಈ ವರ್ಷವೇ ಹಿಂಡಿಕೊಳ್ಳುತ್ತಿದ್ದ. ಅಂಥವನಿಗಾಗಿ ಯಾವ ಊರು ತಾನೇ ಬಡಿಗೆ ಹಿಡಿದು ನಿಲ್ಲುತ್ತದೆ?

ಗಡಿನಾಡ ಕನ್ನಡಿಗ:
ಇನ್ನೊಂದು ಕಾರಣ ಭಾಷೆಯದು. ಕೃಷ್ಣೆಯ ದಕ್ಷಿಣದ ಸೀಮೆಯನ್ನು ಕಂಪನಿಯ ಕಾಗದಪತ್ರಗಳು ದಕ್ಷಿಣ ಮರಾಠಾ ಪ್ರಾಂತ ಎಂದು ಕರೆದರೂ ಜನ ಕನ್ನಡಿಗರು. ಪೇಶ್ವೆಯಿಂದ ಗೆದ್ದ ನಾಡಿನ ಕಮಿಷನರ್ ಆಗಿದ್ದ ಎಲ್ಫಿನ್‌ಸ್ಟನ್ 1819ರಲ್ಲಿ ಸಲ್ಲಿಸಿದ ವರದಿಯಲ್ಲಿ ಇದೇ ಭಾಗವನ್ನು ಕರ್ನಾಟಕ ಎಂಬ ಹೆಸರಿನಿಂದಲೇ ಬೇರೆ ಮಾಡಿ ಹೇಳಲಾಗಿದೆ. ಇವತ್ತಿನ ಬೆಳಗಾವಿ ವಿವಾದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಆ ವಿಷಯವನ್ನೂ ಇಲ್ಲಿ ಚರ್ಚಿಸೋಣ.

ಮಲಪ್ರಭೆಯ ದಡದವ:
ಇವತ್ತಿನ ವಿವಾದಕ್ಕೆ ಬೇರೆ ಎಳೆ ತೆರೆಯೋಣ ಸರ್. ಇಲ್ಲಿ 1818ರಲ್ಲಿಯೇ ಇರೋಣ ಎಂದು ನನ್ನ ವಿನಂತಿ. ಆದರೆ ಒಂದು ಮಾತು ಇಲ್ಲಿಗೇ ಸೇರಿದ್ದು. ಮನ್ರೋ ಆಳಿದ ಮೂರೂ ಕನ್ನಡ ಸೀಮೆಗಳು ಅವರ ಕೈಬಿಟ್ಟ ಮೇಲೆ ಒಟ್ಟಿಗೆ ಉಳಿಯಲಿಲ್ಲ. ಬಳ್ಳಾರಿ ಮದರಾಸಿನಲ್ಲಿ ಉಳಿಯಿತು, ಧಾರವಾಡ ಮುಂಬಯಿಗೆ ಸೇರಿತು, ಕೆನರಾ 1860ರಲ್ಲಿ ಇಬ್ಭಾಗವಾಗಿ ಅದರ ಉತ್ತರದ ತುಂಡು ಎರಡು ವರ್ಷದಲ್ಲಿ ಮುಂಬಯಿಗೆ ಹೋಯಿತು.

ಸಂಡೂರಿನ ಮಗಳು:
ನಮ್ಮ ಸಂಡೂರಿನ ಪ್ರಸಂಗವನ್ನು ಯಾರೂ ಹೇಳಲಿಲ್ಲ. ಎರಡು ಸರಕಾರಗಳ ಜಗಳದಲ್ಲಿ ಸಿಕ್ಕ ಸೀಮೆ ಎಂದರೆ ಅದೇ.

ಸಂಡೂರನ್ನು ಆಳುತ್ತಿದ್ದವರು ಶಿವರಾವ್ ಘೋರ್ಪಡೆ. ಅದು ತನ್ನದೆಂದು ಪೇಶ್ವೆ ಹೇಳುತ್ತಿದ್ದ. ಅದನ್ನು ಬಿಡಿಸಿಕೊಡಿ ಎಂದು ಕಂಪನಿಯನ್ನು ಕೇಳಿದ್ದರಿಂದ ಮನ್ರೋ 1817ರ ಅಕ್ಟೋಬರಿನಲ್ಲಿ ಸೈನ್ಯದೊಡನೆ ಕಣಿವೆಗೆ ಬಂದರು. ಶಿವರಾವ್ ಹೋರಾಡದೆ ಒಪ್ಪಿಸಿದರು. ಮುಂದಿನ ತಿಂಗಳೇ ಪೇಶ್ವೆಯೊಡನೆ ಯುದ್ಧ! ಯಾರಿಗಾಗಿ ಆ ಊರನ್ನು ಕಿತ್ತುಕೊಂಡರೋ ಅವನೇ ವೈರಿಯಾದ. ಯುದ್ಧ ಮುಗಿದ ಮೇಲೆ, 1818ರಲ್ಲಿ, ಮನ್ರೋ ಅವರೇ ಶಿಫಾರಸು ಮಾಡಿ ಸಂಡೂರನ್ನು ಶಿವರಾವ್ ಅವರಿಗೆ ಹಿಂದಿರುಗಿಸಿದರು.

ರಾಮನಮಲೆಯ ದಾರಿಯಲ್ಲಿ ನಿಂತು ಕೆಳಗಿನ ಊರನ್ನು ನೋಡಿದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಸುತ್ತಲೂ ಬೆಟ್ಟ, ಒಳಗೆ ಹೋಗಲು ಕೆಲವೇ ಕಣಿವೆಗಳು. ಮನಸ್ಸು ಮಾಡಿದ್ದರೆ ತಡೆಯಬಹುದಾಗಿದ್ದ ಜಾಗ. ತಡೆಯದೆ ಇದ್ದುದರಿಂದಲೇ ಅವರಿಗೆ ಊರು ಮರಳಿ ಸಿಕ್ಕಿತು ಎಂದು ನಾನು ನಂಬಿದ್ದೇನೆ.

ಪ್ರಶ್ನೆ ಕೇಳುವವಳು:
ಸಂಡೂರಿಗೆ ಸಿಕ್ಕ ಈ ಔದಾರ್ಯ ದತ್ತಮಂಡಲದ ಪಾಳೆಯಗಾರರಿಗೆ ಸಿಗಲಿಲ್ಲ. 1792 ಮತ್ತು 1799ರಲ್ಲಿ ಮೈಸೂರಿನಿಂದ ಪಡೆದ ನಾಡನ್ನು ನಿಜಾಮನು 1800ರಲ್ಲಿ ಸೈನ್ಯದ ಖರ್ಚಿಗೆ ಬದಲಾಗಿ ಕಂಪನಿಗೆ ಬಿಟ್ಟುಕೊಟ್ಟಾಗ ಅಲ್ಲಿ ಸುಮಾರು 80 ಪಾಳೆಯಗಾರರಿದ್ದರು. ಮನ್ರೋ ಅವರ ಮೇಲೆ ಕಟ್ಟಲಾಗದಷ್ಟು ಪೇಷಕಷ್ (ಕಪ್ಪ) ಹೇರಿ, ಪೇದೆಗಳನ್ನು ಬಿಡಿಸಿ, ಅನೇಕರನ್ನು ಹೊರಗಟ್ಟಿದ. ಈ ಕಠಿಣ ನಡವಳಿಕೆಯನ್ನು 1804ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರೇ ಆಕ್ಷೇಪಿಸಿದರು. ಮನ್ರೋನನ್ನು ರೈತಬಂಧು ಎಂದು ಹೊಗಳುವವರು ಈ ಪುಟವನ್ನು ಹಾರಿಸಿ ಓದುತ್ತಾರೆ.

ಅನಂತಪುರದ ಕನ್ನಡಿಗ:
ಮೇಡಂ, ಪಾಳೆಯಗಾರರ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಪಾಳೆಯಗಾರರ ನೋವು ಮತ್ತು ರೈತರ ನೋವು ಎರಡೂ ಒಂದೇ ಅಲ್ಲ. ಪಾಳೆಯಗಾರ ಒಂದು ಕೈಯಲ್ಲಿ, ನಿಜಾಮನ ಅಧಿಕಾರಿ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದ ಕಾಲ ಅದು. ನಮ್ಮ ಕಡೆ ಮನ್ರೋ ಅವರನ್ನು ಮರೆತಿಲ್ಲ. ಮಕ್ಕಳಿಗೆ ಮುನ್ರೋಲಪ್ಪ ಎಂದು ಹೆಸರಿಡುತ್ತಿದ್ದ ಕಾಲವಿತ್ತು. ಅವರು ಮದರಾಸಿನ ಗವರ್ನರ್ ಆಗಿದ್ದಾಗ ಕೊನೆಯ ಸಲ ಈ ಸೀಮೆಯನ್ನು ನೋಡಲು ಬಂದು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಮೊದಲು ಗುತ್ತಿಯಲ್ಲಿ ಹೂಳಿದರು. ಕೆಲವು ವರ್ಷಗಳ ಮೇಲೆ ಮದರಾಸಿನ ಕೋಟೆಯ ಇಗರ್ಜಿಗೆ ಒಯ್ದರು.

ಏಳು ವರ್ಷ ಅಲ್ಲಿಯೇ ಇದ್ದು, ಡೇರೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ, ಹೊಲ ಹೊಲವನ್ನು ಅಳೆಸಿದ ಮನುಷ್ಯನನ್ನು ಜನ ನೆನಪಿಡುವುದು ಸಹಜ. ಗುರುಗಳ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದು. ಧಾರವಾಡದಲ್ಲಿ ಅವರು ಇದ್ದದ್ದು ಒಂದು ವರ್ಷದ ಆಸುಪಾಸು. ಅಷ್ಟರಲ್ಲಿ ಹೆಸರು ಬೇರೂರುವುದಿಲ್ಲ.

ರಾಯರ ಭಕ್ತ:
ಮಂತ್ರಾಲಯದ ಪ್ರಸಂಗವನ್ನು ಹೇಗೆ ಬಿಡುತ್ತೀರಿ? ಮಠದ ಇನಾಂ ಜಮೀನಿನ ವಿಚಾರಣೆಗೆ ಬಂದ ಮನ್ರೋ ಸಾಹೇಬರಿಗೆ ವೃಂದಾವನದ ಎದುರು ರಾಘವೇಂದ್ರ ಸ್ವಾಮಿಗಳೇ ದರ್ಶನವಿತ್ತು ಮಾತನಾಡಿದರು. ಬೇರೆಯವರಿಗೆ ಕಾಣಲಿಲ್ಲ, ಕೇಳಲಿಲ್ಲ. ಸಾಹೇಬರು ಇನಾಂ ಮುಂದುವರಿಸಿದರು. ಇದನ್ನು ನಮ್ಮ ಮನೆಯಲ್ಲಿ ಪ್ರತಿ ಆರಾಧನೆಗೂ ಹೇಳುತ್ತಾರೆ.

ಪ್ರಶ್ನೆ ಕೇಳುವವಳು:
ನಂಬಿಕೆಯನ್ನು ಪ್ರಶ್ನಿಸುವುದಿಲ್ಲ. ಇತಿಹಾಸದ ಚರ್ಚೆಯಲ್ಲಿ ಅದನ್ನು ಪುರಾವೆಯಾಗಿ ಇಡಬೇಡಿ ಎಂದಷ್ಟೇ ಕೋರಿಕೆ.

ನಿವೃತ್ತ ಶಿರಸ್ತೇದಾರ:
ಆ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ತಿರುಳು. ಹೊಸ ಸರಕಾರ ಬಂದಾಗ ಮಠಕ್ಕಾಗಲಿ, ದೇವಸ್ಥಾನಕ್ಕಾಗಲಿ, ಕೆರೆ ಕಾಯುವ ನೀರಗಂಟಿಗಾಗಲಿ ಇದ್ದ ಮೊದಲ ಆತಂಕ ಒಂದೇ: ನಮ್ಮ ಇನಾಂ ಉಳಿಯುತ್ತದೆಯೇ, ಜಪ್ತಿಯಾಗುತ್ತದೆಯೇ? ಮಂತ್ರಾಲಯ ಆಗ ದತ್ತಮಂಡಲದ ಆದವಾನಿ ಸೀಮೆಯಲ್ಲಿತ್ತು. ಕಂದಾಯದ ಅಧಿಕಾರಿಯ ಹೆಸರು ಭಕ್ತರ ಕಥೆಯೊಳಗೆ ಸೇರಿಕೊಂಡದ್ದು ಆ ಆತಂಕದ ದಾರಿಯಿಂದ.

ತುಳುನಾಡಿನ ಅಕ್ಕ:
ಎಲ್ಲರೂ ಬಯಲುಸೀಮೆಯಲ್ಲಿಯೇ ಇದ್ದೀರಿ. ಘಟ್ಟ ಇಳಿದು ಬನ್ನಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮನ್ರೋ ಅವರನ್ನು ಮೊದಲು ಕಳಿಸಿದ್ದು ಕೆನರಾಕ್ಕೆ. ಅವರಿಗೆ ಇಲ್ಲಿನ ಮಳೆಯೂ ಹಿಡಿಸಲಿಲ್ಲ, ಜಾಗವೂ ಹಿಡಿಸಲಿಲ್ಲ. ಬೇರೆಡೆಗೆ ಕಳಿಸಿ ಎಂದು ಕೇಳಿಕೊಳ್ಳುತ್ತಲೇ ಇದ್ದು 1800ರ ಕೊನೆಗೆ ಹೊರಟುಹೋದರು. ಆದರೆ ಅವರು ಕಲಿತದ್ದು ಇಲ್ಲಿ ಎಂಬುದು ನನ್ನ ವಾದ.

ಸೇಲಂ ಕಡೆಯ ಬಾರಾಮಹಲಿನಲ್ಲಿ 1792ರಿಂದ ಏಳು ವರ್ಷ ಕ್ಯಾಪ್ಟನ್ ರೀಡ್ ಅವರ ಕೈಕೆಳಗೆ ಕೆಲಸ ಮಾಡಿದಾಗ ನೆಲವೆಲ್ಲ ಸರಕಾರದ್ದು, ರೈತ ಉಳುವವನು ಎಂಬ ಲೆಕ್ಕಾಚಾರವೇ ಕಣ್ಣಿಗೆ ಬಿದ್ದಿತ್ತು. ಇಲ್ಲಿಗೆ ಬಂದರೆ ನೆಲದ ಒಡೆಯರಾದ ಮೂಲದವರು, ಕಾಯಂ ಗೇಣಿಯ ಮೂಲಗೇಣಿಯವರು, ಬದಲಾಗಬಹುದಾದ ಗೇಣಿಯ ಚಾಲಗೇಣಿಯವರು. ನೆಲ ಮಾರುವ, ಅಡವಿಡುವ, ಪಾಲು ಮಾಡಿಕೊಳ್ಳುವ ಹಕ್ಕು ತಲೆತಲಾಂತರದಿಂದ ಬಂದದ್ದು. ಹೇಗೆ ಗೊತ್ತಾಯಿತು? ಶಾನುಭೋಗರ ಮನೆಗಳಲ್ಲಿದ್ದ ಕಡತಗಳಿಂದ. 1800ರ ಮೇ 31ರ ತಮ್ಮ ವರದಿಯಲ್ಲಿ ಮನ್ರೋ ಈ ಹಳೆಯ ಲೆಕ್ಕಗಳ ಆಧಾರದಿಂದಲೇ ವಿಜಯನಗರದ ಹರಿಹರನ ಕಾಲದವರೆಗೆ ಹಿಂದಕ್ಕೆ ಹೋಗಿದ್ದಾರೆ. ಕೆಳದಿಯ ಶಿಸ್ತು (ಮೂಲ ಕಂದಾಯ) ಎಷ್ಟು, ಹೈದರ್, ಟಿಪ್ಪು ಅದರ ಮೇಲೆ ಏರಿಸಿದ ಶಾಮಿಲು (ಹೆಚ್ಚುವರಿ ತೆರಿಗೆ) ಎಷ್ಟು ಎಂದು ಬೇರೆ ಬೇರೆಯಾಗಿ ಹೇಳಲು ಸಾಧ್ಯವಾದದ್ದು ಅವುಗಳಿಂದ.

ನಮ್ಮ ಅಜ್ಜಿಮನೆಯಲ್ಲಿ ಅಂಥ ಕಡತವೊಂದು ಇದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೆ ಹಲಗೆ ಕಟ್ಟಿದ್ದಾರೆ. ಬಿಡಿಸಿದರೆ ಉದ್ದಕ್ಕೆ ಚಾವಡಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಬರುತ್ತದೆ. ಕಪ್ಪು ಮೈಮೇಲೆ ಬಳಪದ ಬಿಳಿ ಅಕ್ಷರ. ಒದ್ದೆ ಬೆರಳು ತಗುಲಿದರೆ ಒಂದು ವರ್ಷದ ಗೇಣಿಯೇ ಅಳಿಸಿಹೋಗುತ್ತದೆ. ಇಷ್ಟು ಸುಲಭವಾಗಿ ಅಳಿಸುವ ವಸ್ತುವಿನ ಮೇಲೆ ಅಷ್ಟು ತಲೆಮಾರುಗಳು ನಂಬಿಕೆ ಇಟ್ಟದ್ದನ್ನು ಕಂಡು ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ.

ಗದಗಿನ ಓದುಗ:
ಅಕ್ಕಾ, ಇದು ನನಗೆ ಪೂರ್ತಿ ಹೊಸದು. ಕಡತ ಎಂದರೆ ಆಫೀಸಿನ ಫೈಲು ಎಂದೇ ತಿಳಿದಿದ್ದೆ.

ಪ್ರಶ್ನೆ ಕೇಳುವವಳು:
ಅಕ್ಕ ಬರೆದದ್ದರಿಂದ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಹಕ್ಕಿನ ದಾಖಲೆ ಇದ್ದ ಕಡೆ ಮನ್ರೋ ತಗ್ಗಿ ನಡೆದ. ದಾಖಲೆ ಇಲ್ಲದ ದತ್ತಮಂಡಲದಲ್ಲಿ ಒಟ್ಟು ಬೆಳೆಯ ಶೇಕಡ 45ರಷ್ಟು ಕಂದಾಯ ನಿಂತಿತು, ಏಳು ವರ್ಷದಲ್ಲಿ ಸರಕಾರದ ಕಂದಾಯದ ಹುಟ್ಟುವಳಿ ಸುಮಾರು ಅರ್ಧದಷ್ಟು ಏರಿತು. ಬರದ ನಾಡಿನಲ್ಲಿ ಆ ಏರಿಕೆ ಎಲ್ಲಿಂದ ಬಂತು? ಮುಂದೆ 1855ರಲ್ಲಿ ಮದರಾಸಿನ ಚಿತ್ರಹಿಂಸೆ ವಿಚಾರಣಾ ಆಯೋಗವು ಕಂದಾಯ ವಸೂಲಿಗಾಗಿ ರೈತರನ್ನು ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸುತ್ತಿದ್ದುದನ್ನು, ಬೆರಳು ಹಿಚುಕುತ್ತಿದ್ದುದನ್ನು ದಾಖಲಿಸಿತು. ಅದು ರೈತವಾರಿ ಆಡಳಿತದ ಫಲವೇ.

ಅನಂತಪುರದ ಕನ್ನಡಿಗ:
1855ರ ಪಾಪವನ್ನು 1827ರಲ್ಲಿ ತೀರಿಕೊಂಡವರ ತಲೆಗೆ ಪೂರ್ತಿಯಾಗಿ ಕಟ್ಟುವುದು ಅನ್ಯಾಯ. ಮನ್ರೋ ತಮ್ಮ ದರ ಹೆಚ್ಚಾಯಿತೆಂದು ತಾವೇ ಒಪ್ಪಿ, 1807ರಲ್ಲಿ ದತ್ತಮಂಡಲ ಬಿಡುವ ಮುನ್ನ ಅದನ್ನು ಶೇಕಡ 25ರಷ್ಟು ಇಳಿಸಬೇಕೆಂದು ಬರೆದರು. ಮದರಾಸಿನವರು ಕೇಳಲಿಲ್ಲ. ರೈತವಾರಿಯನ್ನೇ ತೆಗೆದುಹಾಕಿ ಇಡೀ ಊರುಗಳನ್ನು ಗುತ್ತಿಗೆಗೆ ಕೊಟ್ಟರು. ಆ ಗುತ್ತಿಗೆ ಕಾಲದಲ್ಲಿ ಹಾಳಾದ ಗೌಡರು, ರೈತರು ಎಷ್ಟೋ ಮಂದಿ. ಇಳಿಕೆ ಜಾರಿಗೆ ಬಂದದ್ದು 1820ರಲ್ಲಿ ಅವರೇ ಗವರ್ನರ್ ಆಗಿ ಬಂದ ಮೇಲೆ.

ಪ್ರಶ್ನೆ ಕೇಳುವವಳು:
ಆ ಇಳಿಕೆಯ ಶಿಫಾರಸನ್ನು ನಾನು ಮೊದಲೇ ಉಲ್ಲೇಖಿಸಬೇಕಿತ್ತು. ನೀವು ನೆನಪಿಸಿದ್ದು ಒಳ್ಳೆಯದಾಯಿತು. ಆದರೂ ತಪ್ಪಾಯಿತೆಂದು ತಿಳಿದ ದಿನದಿಂದ ತಪ್ಪು ತಿದ್ದಿದ ದಿನದವರೆಗೆ ಹದಿಮೂರು ವರ್ಷ. ಆ ಹದಿಮೂರು ವರ್ಷ ತೆತ್ತವರು ಯಾರು ಎಂಬ ಪ್ರಶ್ನೆಯನ್ನು ನಾನು ಬಿಡುವುದಿಲ್ಲ.

ಕಿತ್ತೂರ ಕಡೆಯವ:
ಧಾರವಾಡಕ್ಕೆ ಮರಳೋಣ. ನಮ್ಮ ಕಡೆ ಮನ್ರೋ ಹೆಸರು ಉಳಿಯಲಿಲ್ಲವೇಕೆ ಎಂಬುದಕ್ಕೆ ಅಲ್ಪಕಾಲವಿದ್ದರು ಎಂಬುದು ಅರ್ಧ ಕಾರಣ. ಉಳಿದ ಕಾರಣ ಕಿತ್ತೂರು.

1818ರಲ್ಲಿ ಬೆಳಗಾವಿ ಕೋಟೆಗೆ ಮೂರು ವಾರ ಮುತ್ತಿಗೆ ಹಾಕಿದಾಗ ಮನ್ರೋಗೆ ನೆರವಾದವರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನೂ ಒಬ್ಬ. ಆ ಉಪಕಾರಕ್ಕಾಗಿ ಸಂಸ್ಥಾನವನ್ನು ಅವನಿಗೇ ಉಳಿಸಿ ಸನ್ನದು ಕೊಟ್ಟರು. ಆರು ವರ್ಷ ಕಳೆದ ಮೇಲೆ, 1824ರಲ್ಲಿ, ದೇಸಾಯಿ ಗಂಡುಸಂತಾನವಿಲ್ಲದೆ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನ ಕಾಳಗದಲ್ಲಿ ಸತ್ತವರಲ್ಲಿ ಸಬ್ ಕಲೆಕ್ಟರ್ ಆಗಿದ್ದ ಇನ್ನೊಬ್ಬ ಮನ್ರೋನೂ ಇದ್ದ. ಅವನು ಥಾಮಸ್ ಮನ್ರೋನ ಬಂಧು. 1818ರಲ್ಲಿ ಜೊತೆಗೆ ನಿಂತ ಮನೆತನವನ್ನು 1824ರಲ್ಲಿ ನಿರ್ನಾಮ ಮಾಡಿದ ಸರಕಾರದ ಯಾವ ಅಧಿಕಾರಿಯನ್ನು ನಮ್ಮ ಜನ ಪ್ರೀತಿಯಿಂದ ನೆನೆಯಬೇಕು? ನಮ್ಮ ಲಾವಣಿಗಳಲ್ಲಿ ಜಾಗ ಸಿಕ್ಕದ್ದು ಚೆನ್ನಮ್ಮನಿಗೆ, ರಾಯಣ್ಣನಿಗೆ.

ಸಂಡೂರಿನ ಮಗಳು:
ಅಣ್ಣ, ಇದನ್ನು ಓದಿ ನಾನು ಮೇಲೆ ಬರೆದದ್ದನ್ನು ಮತ್ತೆ ಯೋಚಿಸಬೇಕಾಯಿತು. ನೆರವಾದ ಕಿತ್ತೂರೂ ಉಳಿಯಲಿಲ್ಲವೆಂದ ಮೇಲೆ, ತಡೆಯದೆ ಒಪ್ಪಿಸಿದ್ದರಿಂದ ಸಂಡೂರು ಉಳಿಯಿತು ಎನ್ನುವುದು ಸರಿಯಾಗಲಾರದು.

ನಿವೃತ್ತ ಶಿರಸ್ತೇದಾರ:
ಕಿತ್ತೂರಿನವರ ಮಾತಿಗೆ ಎದುರಾಡುವುದಿಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. 1824ರ ಡಿಸೆಂಬರ್ 31ರ ತಮ್ಮ ಟಿಪ್ಪಣಿಯಲ್ಲಿ, ಅಂದರೆ ಕಿತ್ತೂರು ಬಿದ್ದ ತಿಂಗಳಲ್ಲಿಯೇ, ಈ ನಾಡಿನವರನ್ನು ಎತ್ತರದ ಹುದ್ದೆಗಳಿಂದ ದೂರವಿಡುವುದು ಅವರನ್ನು ಕುಗ್ಗಿಸುವ ಕೆಲಸ ಎಂದು ಮನ್ರೋ ಬರೆದರು. ರಾಮರಾಯನಂಥವರ ಬಲದಿಂದ ಸೀಮೆ ಗೆದ್ದವರಿಗೆ ಅದು ತಿಳಿದಿತ್ತು. ತಿಳಿದಿದ್ದರೂ ರಾಮರಾಯನಂಥವರು ಅಮಲದಾರಿಕೆಯ ಮೇಲೆ ಏರುವ ದಾರಿ ಅವರ ಕಾಲದಲ್ಲಿ ತೆರೆಯಲಿಲ್ಲ. ನನಗೆ ಅವರ ಮೇಲೆ ಇರುವ ದೊಡ್ಡ ಆಕ್ಷೇಪ ಅದು.

ಮಲಪ್ರಭೆಯ ದಡದವ:
ಎಲ್ಲರಿಗೂ ಕೃತಜ್ಞ. ಈ ವಾರ ಒಂಬತ್ತನೆಯ ತರಗತಿಗೆ ಈ ಪಾಠವಿದೆ. ಒಂದು ಸಾಲಿನಲ್ಲಿ ಮುಗಿಸದೆ ರಾಮರಾಯನಿಂದ ಆರಂಭಿಸುತ್ತೇನೆ. ಎರಡು ಕಡೆಯವರೂ ಕಂದಾಯ ಕೇಳಿದಾಗ ನೀವಾಗಿದ್ದರೆ ಯಾರಿಗೆ ಕೊಡುತ್ತಿದ್ದಿರಿ ಎಂದು ಮಕ್ಕಳನ್ನೇ ಕೇಳುತ್ತೇನೆ. ತುಳುನಾಡಿನ ಅಕ್ಕನವರೇ, ಆ ಕಡತದ ಒಂದು ಫೋಟೋ ಕಳಿಸಲು ಸಾಧ್ಯವೇ?

ತುಳುನಾಡಿನ ಅಕ್ಕ:
ಖಂಡಿತ ಕಳಿಸುತ್ತೇನೆ ಗುರುಗಳೇ. ಈಗ ಮಳೆ ಹಿಡಿದಿದೆ, ಗಾಳಿಯಲ್ಲಿ ತೇವ ಇರುವಾಗ ಅದನ್ನು ಬಿಚ್ಚಲು ಅಮ್ಮ ಒಪ್ಪುವುದಿಲ್ಲ. ಒಂದು ದಿನ ಬಿಸಿಲು ಬಂದರೆ ಚಾವಡಿಯಲ್ಲಿ ಹಾಸಿ, ಆದಷ್ಟು ಅಕ್ಷರ ಕಾಣುವಂತೆ ತೆಗೆದು ಕಳಿಸುತ್ತೇನೆ.